ಸೊಪ್ಪು ಮೊದಲು, ಕಾಯಿ ಆಮೇಲೆ

ಬೆಂಗಳೂರಿನ ದೀಪಾಂಜಲಿ ನಗರದಲ್ಲಿ ಕೈತೋಟಕ್ಕೆ ನೆಲ ಉಳಿದಿಲ್ಲ. 20x30, 30x40 ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿ ಎರಡು ಮೂರು ಅಂತಸ್ತಿನ ಮನೆಗಳು ಎದ್ದಿವೆ. ಅಂಗಳವಿದ್ದ ಕಡೆ ಸ್ಕೂಟರು ನಿಂತಿದೆ, ಬಿಸಿಲು ಓಣಿಗೆ ಇಳಿಯುವುದು ನಡು ಮಧ್ಯಾಹ್ನ ಮಾತ್ರ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೊ 2015ರ ನವೆಂಬರಿನಲ್ಲಿ ಶುರುವಾದ ಮೇಲೆ, ಅತ್ತಿಗುಪ್ಪೆ ದಾಟುವಾಗ ರೈಲಿನ ಕಿಟಕಿಯಿಂದಲೇ ಈ ಬಡಾವಣೆಗೆ ಉಳಿದಿರುವ ಜಾಗ ಯಾವುದೆಂದು ತಿಳಿಯುತ್ತದೆ. ಅದು ತಾರಸಿ. ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕುವ ತಂತಿ ಬಿಟ್ಟರೆ ಹೆಚ್ಚಿನವು ಖಾಲಿ. ಕೆಲವದರ ಮೇಲೆ ಮಣ್ಣು ತುಂಬಿದ ಗ್ರೋ ಬ್ಯಾಗುಗಳಿರುತ್ತವೆ, ಗಿಡ ಇರುವುದಿಲ್ಲ. ಹುರುಪಿನಲ್ಲಿ ಟೊಮೆಟೊ, ಬದನೆ, ಹೀರೆ, ಹೂಕೋಸು ಎಲ್ಲವನ್ನೂ ಒಟ್ಟಿಗೆ ಹಾಕಿ, ಒಂದೆರಡು ಬೆಳೆ ಕೈಕೊಟ್ಟ ಮೇಲೆ ಬಿಟ್ಟುಬಿಟ್ಟ ತೋಟಗಳು ಅವು. ಮನೆಯವರ ಊಟದಲ್ಲಿ ಪೌಷ್ಟಿಕಾಂಶ ಹೆಚ್ಚಬೇಕು ಎನ್ನುವುದೇ ಗುರಿಯಾದರೆ ಇಷ್ಟು ಚಿಕ್ಕ ಜಾಗದಲ್ಲಿ ಮೊದಲು ಬೆಳೆಯಬೇಕಾದದ್ದು ಸೊಪ್ಪು. ಕಾಯಿಪಲ್ಲೆಯ ಸರದಿ ಆಮೇಲೆ. ಇದು ರುಚಿಯ ಮಾತಲ್ಲ. ಜಾಗ, ಭಾರ, ನೀರು, ಪೋಷಕಾಂಶ ಈ ನಾಲ್ಕರ ಲೆಕ್ಕವೂ ಇದನ್ನೇ ಹೇಳುತ್ತದೆ.

ಜಾಗದ ಲೆಕ್ಕ, ಭಾರದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಬೇಕು. ನಾಲ್ಕು ಜನರ ಮನೆಗೆ ಅದು ದಿನಕ್ಕೆ 1.6 ಕಿಲೊ, ವರ್ಷಕ್ಕೆ 580 ಕಿಲೊಗೂ ಮಿಕ್ಕಿ. ಐದು ಜನರ ಕುಟುಂಬಕ್ಕೆ ವರ್ಷವಿಡೀ ತರಕಾರಿ ಕೊಡುವ ಕೈತೋಟಕ್ಕೆ ತೋಟಗಾರಿಕೆ ಪಠ್ಯಗಳು ಹೇಳುವ ವಿಸ್ತೀರ್ಣ ಸುಮಾರು 200 ಚದರ ಮೀಟರ್, ಅಂದರೆ 2,150 ಚದರ ಅಡಿ. 30x40 ಸೈಟಿನ ಪೂರ್ತಿ ಅಳತೆಯೇ 1,200 ಚದರ ಅಡಿ. ಹಾಗಾಗಿ ತಾರಸಿಯಲ್ಲೇ ಮನೆಯ ತರಕಾರಿಯೆಲ್ಲ ಬೆಳೆದುಕೊಳ್ಳುತ್ತೇವೆ ಎನ್ನುವುದನ್ನು ಮೊದಲೇ ಕೈಬಿಡುವುದು ಒಳ್ಳೆಯದು. ಈಗ ಸೊಪ್ಪಿನ ಲೆಕ್ಕ ನೋಡೋಣ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಎಂಬ ದಂಟಿನ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು. ಹೊಲದಲ್ಲಿ ಮೂರು ತಿಂಗಳಿಗೆ ಹೆಕ್ಟೇರಿಗೆ ಸುಮಾರು 25 ಟನ್ ಇಳುವರಿ ಕೊಡುವ ತಳಿ ಇದು. ಚದರ ಮೀಟರಿಗೆ ಎರಡೂವರೆ ಕಿಲೊ ಬಿತ್ತು. ತಾರಸಿಯ ಟ್ರೇಯಲ್ಲಿ ಅದರ ಮುಕ್ಕಾಲು ಪಾಲು ಬಂದರೂ 80 ಚದರ ಅಡಿಯಿಂದ ವಾರಕ್ಕೆ ಒಂದು ಕಿಲೊ ಸೊಪ್ಪು ನಿಶ್ಚಿಂತೆಯಾಗಿ ಸಿಗುತ್ತದೆ. ಒಂದು ಬಸ್ಸಾರು, ಒಂದು ಪಲ್ಯ, ಒಂದು ಮಸ್ಸೊಪ್ಪು ಅದರಲ್ಲಿ ಆಗುತ್ತವೆ. ಅದೇ 80 ಚದರ ಅಡಿಯಲ್ಲಿ ಟೊಮೆಟೊ ಹಾಕಿದರೆ ಎರಡೂವರೆ, ಮೂರು ತಿಂಗಳು ಕಾಯಬೇಕು. ಕೊನೆಗೆ ಸಿಗುವ ಕಾಯಿಯಲ್ಲಿ ಕ್ಯಾಲ್ಸಿಯಂ ಆಗಲಿ ಕಬ್ಬಿಣ ಆಗಲಿ ಸೊಪ್ಪಿನ ಹತ್ತಿರಕ್ಕೂ ಬರುವುದಿಲ್ಲ.

ಭಾರದ ವಿಷಯದಲ್ಲೂ ಸೊಪ್ಪೇ ಗೆಲ್ಲುತ್ತದೆ. ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿಗೆ ಆರು ಇಂಚು ಮಣ್ಣು ಸಾಕು. ಬದನೆ, ಟೊಮೆಟೊ, ಹೀರೆಗೆ ಒಂದು ಅಡಿಗಿಂತ ಹೆಚ್ಚು ಬೇಕು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಹಿತೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೊ. ನೀರು ಕುಡಿದ ಬರಿ ಕೆಂಪು ಮಣ್ಣು ಆರು ಇಂಚು ತುಂಬಿದರೇ 240 ಕಿಲೊ ದಾಟುತ್ತದೆ, ಒಂದು ಅಡಿ ತುಂಬಿದರೆ ಐನೂರು ಕಿಲೊ ಮುಟ್ಟುತ್ತದೆ. ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಬೆರೆಸಿದ ಹಗುರ ಮಿಶ್ರಣ ಆರು ಇಂಚಿಗೆ 150 ಕಿಲೊ ಆಸುಪಾಸಿನಲ್ಲಿ ನಿಲ್ಲುತ್ತದೆ. ಟ್ರೇಗಳ ನಡುವೆ ಓಡಾಡುವ ಜಾಗ ಬಿಟ್ಟರೆ ಆ ಭಾರವೂ ಹರಡಿಕೊಳ್ಳುತ್ತದೆ. ಮೇಲೆ ಮೇಲೆ ಅಂತಸ್ತು ಏರಿಸಿದ ಹಳೆಯ ಮನೆಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಟ್ರೇಗಳನ್ನು ಸ್ಲ್ಯಾಬಿನ ನಡುವೆ ಗುಡ್ಡೆ ಹಾಕದೆ ಪ್ಯಾರಪೆಟ್ ಗೋಡೆಯ ಉದ್ದಕ್ಕೂ, ಕೆಳಗೆ ಗೋಡೆ ಅಥವಾ ಬೀಮು ಇರುವ ಕಡೆ ಇಡಬೇಕು. ಇಟ್ಟಿಗೆಯ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಎತ್ತರಿಸಿದರೆ ಕೆಳಗೆ ನೀರು ನಿಲ್ಲುವುದಿಲ್ಲ, ಗಾಳಿ ಆಡುತ್ತದೆ. ತಾರಸಿ ತೋಟದಿಂದ ಮನೆ ಸೋರುತ್ತದೆ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಗಿಡವಲ್ಲ. ಸ್ಲ್ಯಾಬಿಗೆ ನೇರ ಮಣ್ಣು ಸುರಿದದ್ದು, ಇಲ್ಲವೇ ನೀರು ಹೋಗುವ ಪೈಪಿನ ಬಾಯಿ ಕಟ್ಟಿಕೊಂಡದ್ದು ಕಾರಣ. ಬಿರುಕಿದ್ದರೆ ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೆಯೇ ತೋಟದ ಯೋಚನೆ ಮಾಡಬೇಕು.

ಸೊಪ್ಪಿನಲ್ಲಿ ಏನಿದೆ, ಏನಿಲ್ಲ

ಎಲ್ಲ ಸೊಪ್ಪೂ ಒಂದೇ ಅಲ್ಲ. ನೂರು ಗ್ರಾಂ ಪಾಲಕ್‌ನಲ್ಲಿ ಕ್ಯಾಲ್ಸಿಯಂ ಸುಮಾರು 80 ಮಿಲಿಗ್ರಾಂ. ದಂಟಿನ ಸೊಪ್ಪಿನಲ್ಲೂ ನುಗ್ಗೆ ಸೊಪ್ಪಿನಲ್ಲೂ 300 ಮಿಲಿಗ್ರಾಂ ಮೀರುತ್ತದೆ, ಕರಿಬೇವಿನಲ್ಲಿ 600 ಮೀರುತ್ತದೆ. ನುಗ್ಗೆ ಸೊಪ್ಪಿನಲ್ಲಿ ಆರು ಗ್ರಾಂನಷ್ಟು ಪ್ರೋಟೀನ್ ಕೂಡ ಇದೆ. ಸಿನಿಮಾ, ಜಾಹೀರಾತುಗಳಿಂದ ಹೆಸರಾದ ಪಾಲಕ್‌ಗಿಂತ ನಮ್ಮ ಹಳೆಯ ದಂಟು, ನುಗ್ಗೆಗಳೇ ಈ ವಿಷಯದಲ್ಲಿ ಮುಂದಿವೆ. ಕಣ್ಣಿಗೆ ಬೇಕಾದ ವಿಟಮಿನ್ ‘ಎ’ ಆಗಿ ಮಾರ್ಪಡುವ ಕೆರೋಟಿನ್, ಗರ್ಭಿಣಿಯರಿಗೆ ಅಗತ್ಯವಾದ ಫೋಲೇಟ್, ವಿಟಮಿನ್ ‘ಸಿ’ ಇವು ಸೊಪ್ಪಿನ ನಿಜವಾದ ಬಲ. ಇವುಗಳಲ್ಲಿ ವಿಟಮಿನ್ ‘ಸಿ’ ಮತ್ತು ಫೋಲೇಟ್ ಕೊಯ್ದ ಗಳಿಗೆಯಿಂದ ಕರಗತೊಡಗುತ್ತವೆ. ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಬಾಡಿದ ಸೊಪ್ಪು ದೊಡ್ಡ ಪಾಲನ್ನೇ ಕಳೆದುಕೊಂಡಿರುತ್ತದೆ. ಆಲೂಗಡ್ಡೆ, ಕುಂಬಳಕಾಯಿ, ಈರುಳ್ಳಿ ಲಾರಿಯಲ್ಲಿ ನೂರಾರು ಮೈಲಿ ಬಂದರೂ ಅಷ್ಟು ಕೆಡುವುದಿಲ್ಲ. ಪ್ರಯಾಣದಲ್ಲಿ ಹೆಚ್ಚು ಕೆಡುವುದನ್ನು ಮನೆಯಲ್ಲಿ ಬೆಳೆದು, ಕೆಡದಿರುವುದನ್ನು ಅಂಗಡಿಯಿಂದ ತರುವುದು ವಿವೇಕ.

ಇಲ್ಲಿ ಒಂದು ಅತಿಶಯೋಕ್ತಿಯನ್ನು ತಡೆಯಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಸೊಪ್ಪು ತಿಂದರೆ ರಕ್ತ ಹೆಚ್ಚುತ್ತದೆ ಎನ್ನುವ ಮಾತು ಮನೆಮನೆಯಲ್ಲೂ ಇದೆ. ಆದರೆ ಮಹಿಳೆಗೆ ದಿನಕ್ಕೆ ಶಿಫಾರಸಾದ ಕಬ್ಬಿಣ 29 ಮಿಲಿಗ್ರಾಂ. 50 ಗ್ರಾಂ ದಂಟಿನ ಸೊಪ್ಪಿನಲ್ಲಿ ಇರುವುದು ಎರಡೂ ಕಾಲು ಮಿಲಿಗ್ರಾಂ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಆದ್ದರಿಂದ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯ ಬದಲಿಗೆ ತಾರಸಿ ಸೊಪ್ಪು ನಿಲ್ಲಲಾರದು, ಜೊತೆಗೆ ನಿಲ್ಲಬಲ್ಲದು. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ, ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಡಿಮೆಯಾಗುತ್ತದೆ. ನಮ್ಮ ಅಡುಗೆಯ ಕೆಲವು ಪದ್ಧತಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬಸ್ಸಾರಿನಲ್ಲಿ ಸೊಪ್ಪು, ಬೇಳೆ ಬೆಂದ ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸುವುದರಿಂದ ನೀರಿಗೆ ಇಳಿದ ಪೋಷಕಾಂಶ ತಟ್ಟೆಗೆ ಮರಳುತ್ತದೆ. ಒಗ್ಗರಣೆಯ ಎಣ್ಣೆ ಇಲ್ಲದಿದ್ದರೆ ಕೆರೋಟಿನ್ ಸರಿಯಾಗಿ ಮೈಗೂಡುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಆಕ್ಸಲೇಟ್ ಹೆಚ್ಚಿರುವ ಪಾಲಕ್, ಬಸಳೆ, ದಂಟುಗಳ ಬಗ್ಗೆಯೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಯಾವುದೇ ಸೊಪ್ಪಿನ ಪ್ರಮಾಣವನ್ನು ಒಮ್ಮೆಲೆ ಹೆಚ್ಚಿಸುವ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಗಿಡಮೂಲಿಕೆಯ ಹೆಸರಿನಲ್ಲಿ ಬರುವ ಗಿಡಗಳ ವಿಷಯದಲ್ಲೂ ಅಳತೆ ಬೇಕು. ದೊಡ್ಡಪತ್ರೆ, ಪುದೀನ, ಒಂದೆಲಗ, ತುಳಸಿ, ಕರಿಬೇವು ಪ್ರತಿ ತಾರಸಿಯಲ್ಲೂ ಇರಬೇಕಾದವು. ಚಟ್ನಿಗೂ ತಂಬುಳಿಗೂ ಬೇಕಾಗುವುದು ಹಿಡಿಯಷ್ಟೇ ಸೊಪ್ಪಾದರೂ ಅಂಗಡಿಯಲ್ಲಿ ಕಟ್ಟು ಪೂರ್ತಿ ಕೊಳ್ಳಬೇಕು, ಉಳಿದದ್ದು ಫ್ರಿಜ್ಜಿನಲ್ಲಿ ಕೊಳೆಯುತ್ತದೆ. ಮನೆಯ ಕುಂಡದ ಲಾಭ ಇಲ್ಲಿ ನೇರ. ಆದರೆ ‘ವಿಟಮಿನ್ ಗಿಡ’ ಎಂದು ನರ್ಸರಿಗಳಲ್ಲಿ ಮಾರುವ ಚಕ್ರಮುನಿಯನ್ನು ಬೇಯಿಸಿ, ಪಲ್ಯದಲ್ಲೋ ಸಾರಿನಲ್ಲೋ ಮಿತವಾಗಿ ಬಳಸಬೇಕು. 1990ರ ದಶಕದ ನಡುಭಾಗದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶಕ್ಕೆ ಗುಣವಾಗದ ಹಾನಿಯಾಯಿತು. ಒಳ್ಳೆಯ ಸೊಪ್ಪನ್ನು ಔಷಧವೆಂದು ಲೋಟಗಟ್ಟಲೆ ಕುಡಿಯಹೊರಟರೆ ಏನಾಗಬಹುದು ಎನ್ನುವುದಕ್ಕೆ ಅಷ್ಟೇ ಸಾಕು.

ಟ್ರೇ, ಮಣ್ಣು, ಸರದಿ

ಶುರುಮಾಡಲು ಎಂಟು ಅಗಲವಾದ ಟ್ರೇ ಅಥವಾ ಗ್ರೋ ಬ್ಯಾಗು, ಎರಡು ದೊಡ್ಡ ಡ್ರಮ್ಮು, ಐದಾರು ಕುಂಡ ಸಾಕು. ಟ್ರೇಗೆ ತಳದಲ್ಲಿ ತೂತು ಇರಬೇಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕಾಂಪೋಸ್ಟ್, ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ ಮೂರನ್ನೂ ಸಮ ಪ್ರಮಾಣದಲ್ಲಿ ಬೆರೆಸಿ, ಟ್ರೇಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಮಣ್ಣು ಸಿದ್ಧ. ಮನೆಯ ಹಸಿ ಕಸವನ್ನು ಒಣ ಎಲೆ ಅಥವಾ ನಾರಿನ ಪುಡಿಯ ಜೊತೆ ಪದರ ಪದರವಾಗಿ ಹಾಕಿ, ವಾರಕ್ಕೆ ಒಂದೆರಡು ಸಲ ಕೆದಕುತ್ತಿದ್ದರೆ ಎರಡು ತಿಂಗಳ ಹೊತ್ತಿಗೆ ಗೊಬ್ಬರವಾಗುತ್ತದೆ. ನಾರುವ ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಬೇಕು. ತಂಬುಳಿಗೂ ಕೋಸಂಬರಿಗೂ ಹಸಿಯಾಗಿ ಬಳಸುವ ಸೊಪ್ಪಿಗೆ ಹಸಿ ಸಗಣಿಯನ್ನಾಗಲಿ ಅದರ ಬಗ್ಗಡವನ್ನಾಗಲಿ ಹಾಕಬಾರದು. ಅದರಲ್ಲಿರುವ ರೋಗಾಣುಗಳು ಎಲೆಯ ಮೇಲೆಯೇ ಉಳಿಯುತ್ತವೆ.

ಎಂಟು ಟ್ರೇಗೂ ಒಂದೇ ದಿನ ಬಿತ್ತುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಎಲ್ಲವೂ ಒಟ್ಟಿಗೆ ಕೊಯ್ಲಿಗೆ ಬರುತ್ತದೆ, ಅರ್ಧ ಬಲಿತು ಹೋಗುತ್ತದೆ, ಆಮೇಲೆ ತಿಂಗಳು ಕಾಲ ಏನೂ ಇರುವುದಿಲ್ಲ. ವಾರಕ್ಕೆ ಎರಡು ಟ್ರೇಯಂತೆ ಬಿತ್ತಿದರೆ ನಾಲ್ಕು ವಾರಕ್ಕೆ ಸರದಿ ಕೂಡಿಬರುತ್ತದೆ. ಮೆಂತ್ಯ ಇಪ್ಪತ್ತರಿಂದ ಇಪ್ಪತ್ತೈದು ದಿನಕ್ಕೆ, ದಂಟು ಇಪ್ಪತ್ತೈದರಿಂದ ಮೂವತ್ತಕ್ಕೆ, ಪಾಲಕ್ ತಿಂಗಳಿಗೆ, ಕೊತ್ತಂಬರಿ, ಸಬ್ಬಸಿಗೆ ನಲವತ್ತು ದಿನದ ಒಳಗೆ ಕೈಗೆ ಬರುತ್ತವೆ. ಬೇರು ಸಮೇತ ಕೀಳದೆ ಎರಡು ಮೂರು ಇಂಚು ಬಿಟ್ಟು ಕತ್ತರಿಸಿದರೆ ದಂಟು, ಪಾಲಕ್ ಮತ್ತೆ ಚಿಗುರುತ್ತವೆ. ಪ್ರತಿ ಕೊಯ್ಲಿನ ಮೇಲೆ ಒಂದು ಹಿಡಿ ಕಾಂಪೋಸ್ಟ್ ಉದುರಿಸಿದರೆ ಸಾಕು. ಬಸಳೆ ಕಡ್ಡಿ ನೆಟ್ಟು ಪ್ಯಾರಪೆಟ್ಟಿಗೆ ಹಬ್ಬಿಸಬಹುದು. ನುಗ್ಗೆಯನ್ನು ಕಾಯಿಗಾಗಿ ಅಲ್ಲ, ಸೊಪ್ಪಿಗಾಗಿ ಡ್ರಮ್ಮಿನಲ್ಲಿ ಬೆಳೆಸಿ ನಾಲ್ಕು ಅಡಿಗೆ ಕುಡಿ ಚಿವುಟುತ್ತಿದ್ದರೆ ಪೊದೆಯಾಗಿ ವರ್ಷವಿಡೀ ಚಿಗುರು ಕೊಡುತ್ತದೆ. ಇನ್ನೊಂದು ಡ್ರಮ್ಮು ಕರಿಬೇವಿಗೆ. ಬಿಸಿಲು ಬೀಳದ ಮೂಲೆ ಒಂದೆಲಗಕ್ಕೆ, ಅರೆ ನೆರಳು ಪುದೀನಕ್ಕೆ. ಬಿತ್ತದೆ ತಾನಾಗಿ ಹುಟ್ಟುವ ಹೊನಗೊನ್ನೆ, ಗೋಣಿ ಸೊಪ್ಪುಗಳನ್ನು ಗುರುತು ಹಿಡಿಯಬಲ್ಲವರು ಕಳೆಯೆಂದು ಕೀಳಬೇಕಿಲ್ಲ, ಬೆರಕೆ ಸೊಪ್ಪಿಗೆ ಸೇರಿಸಬಹುದು.

ಋತುವಿಗೆ ತಕ್ಕ ಆಯ್ಕೆಯೂ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ವರ್ಷವಿಡೀ ಏನಾದರೊಂದು ಸೊಪ್ಪು ಬೆಳೆಯುತ್ತದೆ. ಆದರೆ ಮಾರ್ಚ್‌ನಿಂದ ಮೇ ತನಕ ಕಾಂಕ್ರೀಟು ಕಾದ ತಾರಸಿಯಲ್ಲಿ ಕೊತ್ತಂಬರಿ, ಪಾಲಕ್ ಎಲೆ ಕೊಡುವ ಮೊದಲೇ ಹೂವಿಗೆ ಹೋಗುತ್ತವೆ. ಆ ತಿಂಗಳುಗಳು ದಂಟು, ಹರಿವೆ, ಬಸಳೆಯವು. ಮೇಲೊಂದು ನೆರಳು ಪರದೆ ಕಟ್ಟಿದರೆ ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆಗೆ ಬೀಜ ಕೊಚ್ಚಿಹೋಗುತ್ತದೆ, ಮೊಳೆಯುವವರೆಗೆ ಟ್ರೇ ಮುಚ್ಚಬೇಕು. ನವೆಂಬರ್‌ನಿಂದ ಫೆಬ್ರುವರಿ ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆಯ ಕಾಲ. ಹೊಸಬರು ಶುರುಮಾಡಲು ಅದೇ ಸರಿಯಾದ ಹೊತ್ತು. ಬೀಜಕ್ಕೆ ಹೆಸರಘಟ್ಟದ ಸಂಸ್ಥೆಯ ಮಾರಾಟ ಕೇಂದ್ರ, ಲಾಲ್‌ಬಾಗಿನ ನರ್ಸರಿ, ಜಿಕೆವಿಕೆಯ ಕೃಷಿ ಮೇಳ ಇವೆ. ಮೆಂತ್ಯ, ಕೊತ್ತಂಬರಿಗೆ ಅಡುಗೆಮನೆಯ ಡಬ್ಬಿಯೇ ಸಾಕು, ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿಕೊಳ್ಳಬೇಕು. ಸಸ್ಯಹೇನು, ಹಿಟ್ಟು ತಿಗಣೆ ಕಂಡರೆ ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಸೊಪ್ಪು ತಿಂಗಳ ಬೆಳೆಯಾದ್ದರಿಂದ ಹುಳು ವಿಪರೀತವಾದರೆ ಆ ಟ್ರೇಯನ್ನೇ ಕಿತ್ತು ಗೊಬ್ಬರಕ್ಕೆ ಹಾಕಿ ಹೊಸದಾಗಿ ಬಿತ್ತುವುದು ಸುಲಭ. ಮೂರು ತಿಂಗಳು ಸಾಕಿದ ಟೊಮೆಟೊ ಗಿಡಕ್ಕೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ.

ನೀರು ಎಲ್ಲಿಂದ?

ತಾರಸಿ ತೋಟಕ್ಕೆ ಬರುವ ಆಕ್ಷೇಪಗಳಲ್ಲಿ ಅತಿ ಗಟ್ಟಿಯಾದದ್ದು ನೀರಿನದು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ, ವಾಹನ ತೊಳೆಯಲು ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ನೂರಾರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿ ನೀರನ್ನು ಗಿಡಕ್ಕೆ ಸುರಿಯುವುದು ಸರಿಯೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಲೆಕ್ಕ ಹೀಗಿದೆ: ಬೇಸಿಗೆಯ ದಿನ 80 ಚದರ ಅಡಿ ಸೊಪ್ಪಿಗೆ ಬೇಕಾಗುವುದು 35ರಿಂದ 40 ಲೀಟರ್, ಎರಡು ಮೂರು ಬಕೆಟ್ಟು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿಗೆ ಬಿಡದೆ ಹಿಡಿದಿಟ್ಟರೆ ಅದರಲ್ಲಿ ಒಳ್ಳೆಯ ಪಾಲು ಸಿಗುತ್ತದೆ. ಟ್ರೇಯ ಮೇಲೆ ಒಣ ಎಲೆ ಹೊದಿಸಿದರೆ ಅಗತ್ಯವೇ ತಗ್ಗುತ್ತದೆ. ನಗರದಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. 600 ಚದರ ಅಡಿ ತಾರಸಿಯ ಮೇಲೆ ಬೀಳುವ ನೀರು 50,000 ಲೀಟರಿಗೂ ಹೆಚ್ಚು. 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೆ 2009ರ ತಿದ್ದುಪಡಿಯಿಂದ ಮಳೆನೀರು ಸಂಗ್ರಹ ಕಡ್ಡಾಯ. ಚಿಕ್ಕ ಸೈಟಿನವರೂ ಪೈಪಿಗೆ ಒಂದು ಡ್ರಮ್ಮು ಜೋಡಿಸಬಹುದು. ಪಾತ್ರೆ ಸೋಪು, ಡಿಟರ್ಜೆಂಟ್ ಬೆರೆತ ನೀರು ಸೊಪ್ಪಿಗೆ ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚು, ಅದನ್ನೇ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡಿಕೊಳ್ಳುತ್ತದೆ. ಮಳೆನೀರಿನ ಡ್ರಮ್ಮಿಗೆ ಬಲೆ ಇರಲೇಬೇಕು, ಕುಂಡದ ಕೆಳಗೆ ತಟ್ಟೆ ಇಡಬಾರದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ತಿಳಿನೀರಿನಲ್ಲೇ.

ವೃಷಭಾವತಿಯ ಪಕ್ಕದಲ್ಲಿ

ದೀಪಾಂಜಲಿ ನಗರದವರಿಗೆ ಸೊಪ್ಪಿನ ಮೂಲ ಯಾವುದು ಎಂಬ ಪ್ರಶ್ನೆ ದೂರದ್ದಲ್ಲ. ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿಯುವ ವೃಷಭಾವತಿ ಪಶ್ಚಿಮ ಬೆಂಗಳೂರಿನ ಒಳಚರಂಡಿ ನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಆ ನೀರು ಹಾಯುವ ಹೊಲಗಳ ಮಣ್ಣಿನಲ್ಲೂ ಬೆಳೆಯಲ್ಲೂ ಭಾರ ಲೋಹಗಳಿರುವುದನ್ನು ಸಂಶೋಧಕರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಕಾಯಿಗಿಂತ ಎಲೆಯಲ್ಲಿ ಇಂಥ ಲೋಹ ಹೆಚ್ಚು ಸೇರುತ್ತದೆ. ಗಾಡಿಯಲ್ಲಿ ಬರುವ ಸೊಪ್ಪೆಲ್ಲ ಅಲ್ಲಿನದೇ ಎಂದಲ್ಲ, ಆದರೆ ಕಟ್ಟು ನೋಡಿ ಯಾವ ನೀರಿನದೆಂದು ಹೇಳಲು ಯಾರಿಂದಲೂ ಆಗದು. ಮನೆಯ ಟ್ರೇಗೆ ಹಾಕಿದ ನೀರು ಯಾವುದೆಂದು ಮನೆಯವರಿಗೆ ಗೊತ್ತಿರುತ್ತದೆ. ಹಾಗೆಂದು ಮನೆಯಲ್ಲಿ ಬೆಳೆದದ್ದು ತಾನಾಗಿ ಶುದ್ಧವೂ ಅಲ್ಲ. ರಾಜಕಾಲುವೆ ಪಕ್ಕದ ಮಣ್ಣು, ಕಟ್ಟಡ ಕೆಡವಿದ ಜಾಗದ ಮಣ್ಣು ತಂದು ತುಂಬಿದರೆ ಅದೇ ಲೋಹ ತಾರಸಿಗೆ ಏರುತ್ತದೆ. ಕಣಿವೆಗೆ ಹತ್ತಿರದ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬಾರದು. ಮುಖ್ಯರಸ್ತೆಗೆ ಮುಖ ಮಾಡಿದ ಬಾಲ್ಕನಿಗಿಂತ ಹಿಂಬದಿಯ ತಾರಸಿ ಮೇಲು. ಎಲೆಯ ಮೇಲಿನ ಧೂಳು ಹೋಗಲು ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು.

ಹತ್ತಿಪ್ಪತ್ತು ರೂಪಾಯಿಗೆ ಕಟ್ಟು ಸಿಗುವಾಗ

ವಿಜಯನಗರದ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸೊಪ್ಪು ಸಿಗುವಾಗ ಇಷ್ಟು ಪಾಡೇಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಟ್ರೇ, ಮಣ್ಣು, ಬೀಜ, ನೆರಳು ಪರದೆಯ ಖರ್ಚು ಹಿಡಿದರೆ ಮೊದಲ ವರ್ಷ ತಾರಸಿ ತೋಟದಿಂದ ಹಣ ಉಳಿಯುವುದಿಲ್ಲ. ಆರೋಗ್ಯದ ಬಗ್ಗೆಯೂ ದೊಡ್ಡ ಭರವಸೆ ಕೊಡಲಾಗದು. ಕೈತೋಟದಂಥ ಯೋಜನೆಗಳ ಕುರಿತ ಅಧ್ಯಯನಗಳನ್ನು ಪರಾಮರ್ಶಿಸಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಲೇಖನ, ಇವುಗಳಿಂದ ಆಯಾ ಆಹಾರದ ಉತ್ಪಾದನೆ ಮತ್ತು ಸೇವನೆ ಹೆಚ್ಚುವುದು ನಿಜ, ಆದರೆ ಮಕ್ಕಳ ಪೋಷಣಾ ಸ್ಥಿತಿ ಸುಧಾರಿಸಿದ್ದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದಿತು. ಇದರಿಂದ ತೋಟ ವ್ಯರ್ಥ ಎಂದಾಗುವುದಿಲ್ಲ. ಬೆಳೆದದ್ದು ತಟ್ಟೆಗೆ ಬರುವಂತೆ ಯೋಜಿಸದಿದ್ದರೆ ಪ್ರಯೋಜನವಿಲ್ಲ ಎಂದಾಗುತ್ತದೆ. ಸೊಪ್ಪಿನ ವಾದಕ್ಕೆ ಇದು ಇನ್ನೊಂದು ಬಲ. ವರ್ಷಕ್ಕೆ ಒಮ್ಮೆ ಬುಟ್ಟಿ ತುಂಬ ಬದನೆ ಬಂದರೆ ಫೋಟೊ ಚೆನ್ನಾಗಿರುತ್ತದೆ. ವಾರಕ್ಕೆ ಮೂರು ದಿನ ಸೊಪ್ಪು ಬಂದರೆ ಊಟವೇ ಬದಲಾಗುತ್ತದೆ. ಸೊಪ್ಪು ಬಿಡಿಸಲು ಹೊತ್ತಿಲ್ಲ, ಬಾಡಿಹೋಯಿತು ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟ ಮನೆಗಳಲ್ಲಿ ಬೇಕಾದಷ್ಟನ್ನೇ ಆಗಿಂದಾಗ ಕೊಯ್ಯುವ ಅನುಕೂಲ ಸಣ್ಣದಲ್ಲ. ಬಾಡಿಗೆ ಮನೆಯವರಿಗೆ ತಾರಸಿ ಸಿಗದಿದ್ದರೆ ನಾಲ್ಕು ಗಂಟೆ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಎರಡು ಟ್ರೇ ಮೆಂತ್ಯ, ಒಂದು ಕುಂಡ ಪುದೀನ, ಒಂದು ದೊಡ್ಡಪತ್ರೆ ಇಟ್ಟುಕೊಳ್ಳಬಹುದು. ಮನೆ ಬದಲಾಯಿಸುವಾಗ ಜೊತೆಗೆ ಒಯ್ಯಬಹುದು.

ಬೆಂಗಳೂರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಸಾವಯವ ತಾರಸಿ ತೋಟದ ತರಬೇತಿಯನ್ನು ನಗರದಲ್ಲಿ ಬೆಳೆಸಿದರು. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳಲ್ಲಿ ತಾರಸಿ ತೋಟಗಾರರು ಬೀಜ, ಗಿಡ, ಅನುಭವ ಹಂಚಿಕೊಂಡರು. ಆರು ತಿಂಗಳು ಸೊಪ್ಪಿನ ಸರದಿ ತಪ್ಪದೆ ನಡೆದರೆ ಆಗ ಹದಿನೈದು ಇಪ್ಪತ್ತು ಲೀಟರಿನ ಬ್ಯಾಗುಗಳಲ್ಲಿ ಮೆಣಸಿನಕಾಯಿ, ‘ಅರ್ಕಾ ಅನಾಮಿಕ’ ಬೆಂಡೆ, ‘ಅರ್ಕಾ ರಕ್ಷಕ್’ ಟೊಮೆಟೊ ಸೇರಿಸಿಕೊಳ್ಳಿ. ಈ ವಾರ ಮಾಡಬೇಕಾದದ್ದು ಇಷ್ಟೇ: ತಾರಸಿಗೆ ಹೋಗಿ ಯಾವ ಮೂಲೆಗೆ ನಾಲ್ಕೈದು ಗಂಟೆ ಬಿಸಿಲು ಬೀಳುತ್ತದೆ ನೋಡಿ, ಕೆಳಗೆ ಗೋಡೆ ಇರುವ ಜಾಗದಲ್ಲಿ ಎರಡು ಟ್ರೇ ಇಟ್ಟು, ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ. ಮುಂದಿನ ವಾರ ಇನ್ನೆರಡು ಟ್ರೇ ಸೇರಿಸಿ.